ಅಧ್ಯಕ್ಷರ ಕ್ಯಾನಿಗೂ ಅದೇ ಕಡ್ಡಿ

ಬಸವನಕಟ್ಟೆದೊಡ್ಡಿ,
ಕೈಲಾಂಚ ಹೋಬಳಿ, ರಾಮನಗರ ತಾಲ್ಲೂಕು
೧೪-೧೧-೨೦೨೫, ಶುಕ್ರವಾರ

ಪ್ರೀತಿಯ ಮಗಳೇ ಶಾಂಭವಿ,

ಹೇಗಿದ್ದೀಯ ಕಂದಾ? ಬಲಗಾಲಿನ ಹಿಮ್ಮಡಿ ನೋವು ಕಡಿಮೆಯಾಯಿತೇ? ರಾತ್ರಿ ಮಲಗುವಾಗ ಬಿಸಿನೀರಿನಲ್ಲಿ ಉಪ್ಪು ಹಾಕಿ ಕಾಲಿಡು ಅಂತ ಹೇಳಿ ಕಳಿಸಿದ್ದೆ, ಇಡುತ್ತಿಲ್ಲ ಅನ್ನುವುದು ನನಗೆ ಇಲ್ಲಿಂದಲೇ ಗೊತ್ತು. ಪುಣೆಯಲ್ಲಿ ಆಗಲೇ ಚಳಿ ಶುರುವಾಗಿದೆಯಂತೆ, ಸ್ವೆಟರ್ ಪೆಟ್ಟಿಗೆಯ ತಳದಲ್ಲಿದೆ, ಹುಡುಕಿಕೋ. ನೀನು ನನ್ನ ಫೋನ್ ಎತ್ತದೆ ಇವತ್ತಿಗೆ ಒಂಬತ್ತು ದಿನ. ಮೊನ್ನೆ ತಡೆಯಲಾಗದೆ ಹಾಸ್ಟೆಲ್ ಮೇಡಂಗೆ ಫೋನ್ ಮಾಡಿದೆ. ಊಟ ಮಾಡುತ್ತಿದ್ದಾಳೆ, ಪ್ರಾಕ್ಟೀಸಿಗೂ ಬರುತ್ತಿದ್ದಾಳೆ ಅಂದರು. ನನಗೆ ಅಷ್ಟು ಸಾಕು. ಕೋಪ ನನ್ನ ಮೇಲೆ ಇರಲಿ, ಅನ್ನದ ಮೇಲೆ ಬೇಡ. ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮಪ್ಪ ಹುಳುಮನೆಯಲ್ಲಿ ಮೂರನೇ ಜ್ವರ ಮುಗಿದು ಪೊರೆ ಬಿಟ್ಟೆದ್ದ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುತ್ತ ಎರಡು ದಿನದಿಂದ ಮನೆಗೂ ಸರಿಯಾಗಿ ಬರುತ್ತಿಲ್ಲ. ತಾತನಿಗೆ ಮಂಡಿನೋವು, ಆದರೆ ಬಾಯಿ ಮಾತ್ರ ಮೊದಲಿನ ಹಾಗೆಯೇ ಇದೆ.

ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ಅತ್ತುಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ಟೆನಿಸ್ ಟೂರ್ನಿಯ ಸಮಿತಿಯಿಂದ ಆ ಕ್ಷಮಾಪಣೆ ಫಾರಂ ಮನೆಗೆ ಬಂದ ದಿನ ನಾನು ನಿನಗೆ ಏನು ಹೇಳಿದೆ ಅನ್ನುವುದು ಮರೆತಿಲ್ಲ. ನಿನಗೆ ಹದಿನೆಂಟು ತುಂಬಲು ಇನ್ನೂ ನಾಲ್ಕು ತಿಂಗಳಿರುವುದರಿಂದ ತಾಯಿಯೋ ತಂದೆಯೋ ಸಹಿ ಹಾಕಬೇಕು, ಇಪ್ಪತ್ತೈದನೇ ತಾರೀಕಿನೊಳಗೆ ಮುಟ್ಟದಿದ್ದರೆ ಮುಂದಿನ ಮೂರು ಟೂರ್ನಿಗೆ ನಿನ್ನನ್ನು ಸೇರಿಸುವುದಿಲ್ಲ ಅಂತ ಅದರಲ್ಲಿತ್ತು. ನಿನ್ನ ಆಟ ನಿಂತೇ ಹೋಗುತ್ತದೆ ಅಂತ ಹೆದರಿದೆ. ಹೆಣ್ಣುಮಗಳು ಒಸಿ ತಗ್ಗಿ ನಡೆದುಕೊಂಡರೆ ಗಂಟೇನು ಹೋಗುತ್ತದೆ, ಸಹಿ ಹಾಕಿ ಕಳಿಸಿಬಿಡುತ್ತೇನೆ ಅಂದೆ. ನೀನು ಒಂದೇ ಒಂದು ಮಾತು ಕೇಳಿದೆ, "ನಿಂಗೂ ನಂದೇ ತಪ್ಪು ಅನ್ಸುತ್ತಾ ಅಮ್ಮ?" ಅಂತ. ನಾನು, "ಅದೆಲ್ಲ ಆಮೇಕೆ, ಮೊದ್ಲು ಇದು ಮುಗೀಲಿ" ಅಂದೆ. ನೀನು ಫೋನ್ ಇಟ್ಟೆ. ಆ ಪ್ರಶ್ನೆಗೆ ಉತ್ತರ ಕೊಡಲು ನನಗೆ ಒಂಬತ್ತು ದಿನ ಹಿಡಿಯಿತು, ಪೂರ್ತಿ ಓದು.

ಕಳೆದ ಭಾನುವಾರ ತಾತ ನನ್ನನ್ನು ಕೂರಿಸಿಕೊಂಡು, ನಿನ್ನ ಆಟದ ಆ ಮೊಬೈಲ್ ವಿಡಿಯೊ ಹಾಕು ಅಂದರು. ನಾನು ಅದನ್ನು ಒಂದೇ ಸಲ ನೋಡಿ ಮುಚ್ಚಿಟ್ಟಿದ್ದೆ. ನೀನು ರ‍್ಯಾಕೆಟ್ಟನ್ನು ನೆಲಕ್ಕೆ ಬಡಿಯುವುದು ಕಂಡ ಮೇಲೆ ಮುಂದೆ ನೋಡಲು ಧೈರ್ಯ ಬಂದಿರಲಿಲ್ಲ. ತಾತ ಐದು ಸಲ ಹಾಕಿಸಿದರು. ಮೂವತ್ತೊಂದು ವರ್ಷ ಪಟ್ಟಣದ ಕ್ಲಬ್ಬಿನಲ್ಲಿ ಸುಣ್ಣದ ಗೆರೆ ಎಳೆದು, ನೆಟ್ ಕಟ್ಟಿ, ಸಾಹೇಬರುಗಳ ಆಟ ನೋಡಿದವರು ಅವರು. ಹಿಡಿ ಕೊಯ್ದ ಹಳೇ ರ‍್ಯಾಕೆಟ್ಟನ್ನು ಆರು ವರ್ಷದ ನಿನ್ನ ಕೈಗೆ ಕೊಟ್ಟವರೂ ಅವರೇ. ಅವರು ಹೇಳುತ್ತಾ ಹೋದ ಮೇಲೆ ನನಗೆ ಒಂದೊಂದೇ ಅರ್ಥವಾಯಿತು. ಕೊನೆಯ ಮೂರನೇ ಸೆಟ್ಟು, ನಿನಗೆ ನಾಲ್ಕು ಗೇಮು, ಎದುರಿನವಳಿಗೆ ಐದು. ಎದುರಾಳಿಯ ಚೆಂಡು ಗೆರೆಯಿಂದ ಆಚೆ ಬಿದ್ದಿದೆ, ಮಣ್ಣಿನ ಅಂಕಣವಾದ್ದರಿಂದ ಗುರುತೂ ಉಳಿದಿದೆ, ಆದರೂ ಅಂಪೈರು ಒಳಗೆ ಅಂದಿದ್ದಾರೆ. ನೀನು ಅದರ ಸುತ್ತ ರ‍್ಯಾಕೆಟ್ಟಿನಿಂದ ಗೆರೆ ಎಳೆದು, ಬಂದು ನೋಡಿ ಸಾರ್ ಅನ್ನುತ್ತಿದ್ದೀಯ. ಅಂಪೈರು ಕುರ್ಚಿಯಿಂದ ಇಳಿಯಲಿಲ್ಲ. ಆಟ ತಡ ಮಾಡಿದೆ ಅಂತ ಮೊದಲ ಎಚ್ಚರಿಕೆ ಕೊಟ್ಟರು. ಆಗ ನೀನು ರ‍್ಯಾಕೆಟ್ ಮುರಿದೆ. ಅದಕ್ಕೆ ಒಂದು ಪಾಯಿಂಟು ಹೋಯಿತು. ಕೊನೆಗೆ ಒಂದು ಮಾತು ಆಡಿದ್ದಕ್ಕೆ ಒಂದು ಗೇಮೇ ಹೋಯಿತು, ಅಲ್ಲಿಗೆ ಪಂದ್ಯವೂ ಹೋಯಿತು. ಆ ಮಾತು ಏನೋ ಕೆಟ್ಟ ಬೈಗುಳ ಇರಬೇಕು ಅಂತಲೇ ನಾನು ಇಷ್ಟು ದಿನ ತಿಳಿದಿದ್ದೆ.

ತಾತ ಫೋನನ್ನು ಕಿವಿಗೆ ಹಿಡಿದು ಕೇಳಿಸಿಕೊಂಡರು, ಆಮೇಲೆ ನನ್ನ ಕಿವಿಗೆ ಹಿಡಿದರು. ನೀನು ಬೈದಿರಲೇ ಇಲ್ಲ. "ನಿನ್ನೆ ಅವನು ಕರೆದಾಗ ಇಳಿದು ಬಂದ್ರಲ್ಲ ಸಾರ್" ಅಂದಿದ್ದೆ ಅಷ್ಟೆ. ಹಿಂದಿನ ದಿನ ಅದೇ ಅಂಕಣದಲ್ಲಿ, ಅದೇ ಅಂಪೈರಿನ ಮುಂದೆ, ನಿನ್ನದೇ ವಯಸ್ಸಿನ ಒಬ್ಬ ಹುಡುಗ ರ‍್ಯಾಕೆಟ್ಟನ್ನು ನೆಟ್ಟಿನ ಕಂಬಕ್ಕೆ ಬಡಿದು ಮುರಿದದ್ದು, ಚೆಂಡನ್ನು ಬೇಲಿಯಾಚೆ ಹೊಡೆದದ್ದು, ಗೆರೆ ನೋಡುವವರಿಗೆ ಬಾಯಿಗೆ ಬಂದದ್ದು ಅಂದದ್ದು, ಎಲ್ಲವನ್ನೂ ನೀನು ಅವತ್ತೇ ಫೋನಿನಲ್ಲಿ ನಗುತ್ತಾ ಹೇಳಿದ್ದೆ. ಅವನಿಗೆ ಒಂದು ಎಚ್ಚರಿಕೆ, ಅದೂ ನಗುನಗುತ್ತಾ. ಅವನು ಕರೆದಾಗ ಇಳಿದು ಬಂದು ಗುರುತನ್ನೂ ನೋಡಿದರು. ಮಾರನೇ ದಿನದ ಪೇಪರಿನಲ್ಲಿ ಅವನದು ಗೆಲ್ಲುವ ಹಸಿವು. ನಿನ್ನದು, ನಮ್ಮ ಕೈಗೆ ಬಂದ ಫಾರಂ ಪ್ರಕಾರ, ಹೆಣ್ಣುಮಗಳಿಗೆ ತಕ್ಕುದಲ್ಲದ ನಡತೆ. ಆ ಇಂಗ್ಲಿಷ್ ಸಾಲನ್ನು ನಿಮ್ಮಪ್ಪ ಎರಡು ಸಲ ಓದಿ ಹೇಳಿದ್ದರೂ ಅದು ನನ್ನ ತಲೆಗೆ ಹೋಗಿರಲಿಲ್ಲ. ತಾತ ಗೋಡೆಗೆ ಒರಗಿ, "ಗೆರೆ ಎಲ್ರಿಗೂ ಒಂದೇಯ ಕಣವ್ವ. ಗಂಡುಸ್ರು ಆಡುವಾಗ ಒಂದಗಲ, ಹೆಂಗುಸ್ರು ಆಡುವಾಗ ಒಂದಗಲ ಅಂತ ನಾನೇನಾರ ಎಳೆದಿದ್ನಾ?" ಅಂದರು. ನನಗೆ ಅಲ್ಲಿ ಕೂರಲಾಗಲಿಲ್ಲ, ಎದ್ದು ಒಳಗೆ ಹೋದೆ.

ಯಾಕೆಂದರೆ ಮಗಳೇ, ನೀನು ಅಂಪೈರಿಗೆ ಆಡಿದಂಥ ಮಾತನ್ನೇ ನಾನು ಮೊದಲೇ ಒಂದು ಸಲ ಕೇಳಿದ್ದೆ. ನಮ್ಮ ಹಾಲಿನ ಡೈರಿಯಲ್ಲಿ, ನನ್ನ ಎದುರಿಗೇ. ಅವತ್ತು ಅಂಪೈರಾಗಿದ್ದವಳು ನಾನು. ಬೆಳಿಗ್ಗೆ ಆರಕ್ಕೆ ಹಾಲು ಹಾಕುವವರು ಸಾಲು ನಿಲ್ಲುವುದು, ನಾನು ಒಬ್ಬೊಬ್ಬರ ಕ್ಯಾನಿನಿಂದ ಒಂದು ಲೋಟ ಹಾಲು ತೆಗೆದು ಅದರಲ್ಲಿ ಗಾಜಿನ ಡಿಗ್ರಿ ಕಡ್ಡಿ ತೇಲಿಬಿಡುವುದು, ಇಪ್ಪತ್ತಾರು ಡಿಗ್ರಿಗಿಂತ ಕೆಳಗೆ ಬಂದರೆ ನೀರು ಬೆರೆತಿದೆ ಅಂತ ಹಾಲು ವಾಪಸ್ಸು ಕಳಿಸುವುದು, ಇದನ್ನೆಲ್ಲ ನೀನು ಚಿಕ್ಕಂದಿನಿಂದ ನೋಡಿದ್ದೀಯ. ಸೆಪ್ಟೆಂಬರಿನಲ್ಲಿ ಒಂದು ದಿನ ಕೆರೆ ಹಿಂದಿನ ಮನೆಯ ಇಸ್ಮತ್ ತಂದ ಹಾಲು ಇಪ್ಪತ್ತನಾಲ್ಕು ಬಂತು. ವಾಪಸ್ಸು ಅಂದೆ. ಇನ್ನೊಂದು ಸಲ ನೋಡಿ ಅಂದಳು, ನೋಡಲಿಲ್ಲ. ದನಿ ಎತ್ತರಿಸಿದಳು, ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕೊನೆಗೆ ಅವಳು, "ಅಧ್ಯಕ್ರ ಕ್ಯಾನಿಗೆ ಈ ಕಡ್ಡಿ ಯಾವತ್ತಾದ್ರೂ ಬುಟ್ಟಿದ್ದೀರಾ ಅಕ್ಕ?" ಅಂದುಬಿಟ್ಟಳು. ನನಗೆ ಮೈ ಉರಿದುಹೋಯಿತು. ಡೈರಿಯಲ್ಲಿ ಜಗಳ ತೆಗೆದಳು ಅಂತ ಒಂದು ವಾರ ಹಾಲು ಹಾಕಬಾರದು ಅಂದೆ. ಎಂಟನೇ ದಿನ ಬಂದಾಗ ಸಾಲಿನವರ ಮುಂದೆ ತಪ್ಪಾಯಿತು ಅನ್ನಿಸಿಯೇ ಹಾಲು ತೆಗೆದುಕೊಂಡೆ. ಅದೇ ತಿಂಗಳು ಡೈರಿಯ ಅಧ್ಯಕ್ಷ ಜಯಕುಮಾರ್ ಯಾವುದೋ ಸಿಟ್ಟಿಗೆ ತುಂಬಿದ ಕ್ಯಾನನ್ನೇ ಒದ್ದು ಉರುಳಿಸಿದ್ದರು. ಅವರಿಗೆ ಮೂಗಿನ ತುದಿಯಲ್ಲೇ ಕೋಪ ಅಂತ ನಾವೆಲ್ಲ ನಗುತ್ತಾ ನೆಲ ತೊಳೆದೆವು. ನೆಲಕ್ಕೆ ನೀರು ಸುರಿದವಳು ನಾನೇ.

ಇಸ್ಮತ್ ಕೇಳಿದ್ದು ನಿಜವೇ. ಅಧ್ಯಕ್ಷರ ಕ್ಯಾನಿಗೆ ಡಿಗ್ರಿ ನೋಡುವ ಪದ್ಧತಿಯೇ ನಮ್ಮಲ್ಲಿ ಇರಲಿಲ್ಲ. ಅವರು ಸ್ಕೂಟರ್ ಇಳಿಯುವ ಮೊದಲೇ ನಾನು ದೊಡ್ಡ ಕ್ಯಾನಿನ ಮುಚ್ಚಳ ತೆಗೆದು ಹಿಡಿದಿರುತ್ತಿದ್ದೆ. ನನಗೆ ಹೀಗೆ ಮಾಡು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ, ಅವರೂ ಕೇಳಿರಲಿಲ್ಲ. ಹಿಂದಿನವರು ಮಾಡುತ್ತಿದ್ದರು, ನಾನೂ ಎಂಟು ವರ್ಷ ಮಾಡಿದೆ. ಇಪ್ಪತ್ತನಾಲ್ಕು ಬಂದ ಹಾಲನ್ನು ವಾಪಸ್ಸು ಕಳಿಸಿದ್ದು ಸರಿಯೇ, ಅದಕ್ಕೆ ನಾನು ಯಾರಿಗೂ ಹೆದರುವುದಿಲ್ಲ. ಆದರೆ ಒಂದು ವಾರದ ಶಿಕ್ಷೆ ಹಾಲಿಗೆ ಕೊಟ್ಟದ್ದಲ್ಲ, ಪ್ರಶ್ನೆ ಕೇಳಿದ್ದಕ್ಕೆ ಕೊಟ್ಟದ್ದು. ನಿನಗೂ ಹಾಗೆಯೇ ಆಯಿತಲ್ಲ ಕಂದಾ. ರ‍್ಯಾಕೆಟ್ಟಿಗೆ ಹೋದದ್ದು ಒಂದು ಪಾಯಿಂಟು, ಪ್ರಶ್ನೆಗೆ ಹೋದದ್ದು ಇಡೀ ಗೇಮು.

ಸೋಮವಾರ ಬೆಳಿಗ್ಗೆ ಸಾಲು ಪೂರ್ತಿ ಇರುವಾಗಲೇ ಜಯಕುಮಾರ್ ಬಂದರು. ನಾನು ಮುಚ್ಚಳ ತೆಗೆಯಲಿಲ್ಲ. ಲೋಟ ತೆಗೆದುಕೊಂಡು ಅವರ ಕ್ಯಾನಿನಿಂದ ಹಾಲು ತೆಗೆದು ಕಡ್ಡಿ ಬಿಟ್ಟೆ. ಇಪ್ಪತ್ಮೂರು. ಇಸ್ಮತ್ ಹಾಲಿಗಿಂತ ಒಂದು ಕಡಿಮೆ! ತಗೊಂಡು ಹೋಗಿ ಅಧ್ಯಕ್ಷರೇ ಅಂದೆ. "ಏನವ್ವ, ನನ್ ಹಾಲ್ಗೇ ಕಡ್ಡಿ ಬುಡುವಂಗಾದ್ಯಾ ನೀನು?" ಅಂದರು. "ಎಲ್ರಿಗೂ ಬುಟ್ಟಂಗೇ ಬುಟ್ಟಿವ್ನಿ" ಅಂದೆ. ಅವರು ಕ್ಯಾನನ್ನು ಸ್ಕೂಟರಿಗೆ ಎತ್ತಿಟ್ಟುಕೊಂಡು ಹೊರಟುಹೋದ ಮೇಲೆ ನಾನು ಸಾಲಿನವರೆಲ್ಲರ ಮುಂದೆ ಇಸ್ಮತ್ ಹತ್ತಿರ ಹೋಗಿ, ಆವತ್ತು ನಾನು ಮಾಡಿದ್ದು ತಪ್ಪು ಕಣವ್ವ ಅಂದೆ. ಅವಳು ಗಾಬರಿಯಾಗಿ ನನ್ನ ಕೈ ಹಿಡಿದುಕೊಂಡು, "ಬುಡಿ ಅಕ್ಕ, ಎಲ್ರೂ ನೋಡ್ತಾವ್ರೆ" ಅಂದಳು. ನೋಡಲಿ ಅಂತಲೇ ಅಲ್ಲಿ ಹೇಳಿದ್ದು.

ಇನ್ನೊಂದು ವಿಷಯ ಕೇಳಿದರೆ ನೀನು ನಗುತ್ತೀಯ. ಮಂಗಳವಾರ ನಿಮ್ಮಪ್ಪ ನಮ್ಮ ಮನೆ ಹಾಲು ತಂದು ಸಾಲಿನಲ್ಲಿ ನಿಂತರು. ಸೋಮವಾರ ಇಡೀ ದಿನ "ಊರಲ್ಲಿ ಬಾಳಾಟ ಮಾಡ್ಬೇಕು ಕಣೇ, ನಿಂಗ್ಯಾಕೆ ಬೇಕಿತ್ತು" ಅಂತ ನನ್ನ ಮೇಲೆ ಎಗರಾಡಿದವರು, ತಮ್ಮ ಸರದಿ ಬಂದಾಗ ಎಲ್ಲರಿಗೂ ಕೇಳುವಂತೆ, "ಇದ್ಕೂ ಬುಡು ಕಡ್ಡಿಯ" ಅಂದರು. ಆಗ ನನಗೆ ಹೊಳೆಯಿತು ನೋಡು, ನಮ್ಮ ಮನೆ ಕ್ಯಾನಿಗೂ ನಾನು ಎಂಟು ವರ್ಷದಿಂದ ಕಡ್ಡಿ ಬಿಟ್ಟಿರಲಿಲ್ಲ! ಬಿಟ್ಟರೆ ಇಪ್ಪತ್ತೈದು. ಕ್ಯಾನು ತೊಳೆದ ನೀರನ್ನು ಪೂರ್ತಿ ಬಗ್ಗಿಸುವ ಅಭ್ಯಾಸ ನಿಮ್ಮಪ್ಪನಿಗೆ ಇಲ್ಲ, ಸಾವಿರ ಸಲ ಹೇಳಿದ್ದೇನೆ. ವಾಪಸ್ಸು ಅಂದೆ. ಸಾಲಿಗೆ ಸಾಲೇ ನಕ್ಕಿತು, ಇಸ್ಮತ್ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ನಕ್ಕಳು. ನಿಮ್ಮಪ್ಪ ತಲೆ ತಗ್ಗಿಸಿಕೊಂಡು ಕ್ಯಾನು ಹೊತ್ತು ಮನೆಗೆ ಬಂದರು. ವಾಪಸ್ಸು ಬಂದ ಆ ಹಾಲಿನಲ್ಲಿ ಅವತ್ತು ಸಂಜೆ ತಾತನಿಗೆ ಶ್ಯಾವಿಗೆ ಪಾಯಸದ ಯೋಗ.

ಈಗ ಬರುವ ಭಾನುವಾರ ಡೈರಿಯ ಕಮಿಟಿ ಮೀಟಿಂಗು ಕರೆದಿದ್ದಾರೆ. ಅಧ್ಯಕ್ಷರಿಗೆ ಸಾಲಿನವರ ಮುಂದೆ ಅವಮಾನ ಮಾಡಿದ್ದಕ್ಕೆ ನಾನು ಕ್ಷಮಾಪಣೆ ಬರೆದುಕೊಡಬೇಕಂತೆ, ಇಲ್ಲದಿದ್ದರೆ ಕೆಲಸ ಬಿಡಬೇಕಂತೆ. ನನಗೂ ಒಂದು ಕಾಗದ, ನಿನಗೂ ಒಂದು ಕಾಗದ. ನಾನು ಮೀಟಿಂಗಿಗೆ ಡಿಗ್ರಿ ಕಡ್ಡಿಯನ್ನೇ ತೆಗೆದುಕೊಂಡು ಹೋಗುತ್ತೇನೆ. ಇಪ್ಪತ್ತಾರು ಅನ್ನುವ ನಿಯಮ ಯಾರಿಗೆ ಇದೆ, ಯಾರಿಗೆ ಇಲ್ಲ ಅಂತ ಬರೆದುಕೊಡಿ, ಆಮೇಲೆ ನಾನು ಬರೆದುಕೊಡುತ್ತೇನೆ ಅನ್ನುತ್ತೇನೆ. ಕೆಲಸ ಹೋದರೆ ಹೋಗಲಿ, ನನಗೆ ರಟ್ಟೆಯಲ್ಲಿ ಇನ್ನೂ ಶಕ್ತಿಯಿದೆ. ಕಮಿಟಿಯವರಲ್ಲಿ ಇಬ್ಬರು ನಮ್ಮ ಕಡೆ ಇದ್ದಾರೆ ಅಂತ ನಿಮ್ಮಪ್ಪ ಹೇಳುತ್ತಾರೆ. ಯಾರೂ ಇಲ್ಲದಿದ್ದರೂ ನಾನು ಹೇಳುವುದು ಇದನ್ನೇ.

ಈಗ ನಿನ್ನ ಪ್ರಶ್ನೆಗೆ ಉತ್ತರ. ರ‍್ಯಾಕೆಟ್ ಮುರಿದದ್ದು ತಪ್ಪು. ತಾತ ಮೂವತ್ತೊಂದು ವರ್ಷ ಬೇರೆಯವರ ರ‍್ಯಾಕೆಟ್ಟುಗಳನ್ನು ಬಟ್ಟೆಯಲ್ಲಿ ಒರೆಸಿಟ್ಟವರು, ನೀನು ಅದನ್ನು ನೆಲಕ್ಕೆ ಬಡಿದದ್ದು ನೋಡಿ ಅವರ ಕಣ್ಣಲ್ಲಿ ನೀರು ಬಂತು. ಅವರ ಹತ್ತಿರ ತಪ್ಪಾಯಿತು ಅನ್ನು, ಫೋನ್ ಮಾಡಿ ಅನ್ನು. ಆ ಪಾಯಿಂಟು ಹೋದದ್ದು ನ್ಯಾಯವೇ. ಆದರೆ ನೀನು ಕೇಳಿದ ಪ್ರಶ್ನೆ ತಪ್ಪಲ್ಲ. ಅದನ್ನು ಇನ್ನೊಂದು ಸಲ ಕೇಳಬೇಕಾಗಿ ಬಂದರೆ ಕೇಳು, ರ‍್ಯಾಕೆಟ್ಟನ್ನು ಚೀಲದಲ್ಲಿಟ್ಟು ಎರಡು ಕೈಯನ್ನೂ ಕಟ್ಟಿಕೊಂಡು ಕೇಳು. ಹೆಣ್ಣುಮಗಳು ತಗ್ಗಿ ನಡೆಯಬೇಕು ಅಂದೆನಲ್ಲ, ಆ ಮಾತನ್ನು ನಾನು ವಾಪಸ್ಸು ತೆಗೆದುಕೊಂಡಿದ್ದೇನೆ. ಅದನ್ನು ನಿನಗೆ ಹೇಳಿದ್ದಕ್ಕೆ ನನ್ನನ್ನು ಕ್ಷಮಿಸು ಮಗಳೇ.

ಒಬ್ಬಟ್ಟು ಕಳಿಸೋಣ ಅಂದರೆ ಪೋಸ್ಟಿನಲ್ಲಿ ಕೆಡುತ್ತದೆ, ಹುರಿಹಿಟ್ಟಿನ ಉಂಡೆ ಬೇರೆ ಪಾರ್ಸೆಲ್ಲಿನಲ್ಲಿ ಬರುತ್ತಿದೆ. ಒಬ್ಬಳೇ ತಿನ್ನಬೇಡ, ರೂಮಿನ ಸಾನಾಗೂ ಕೊಡು. ನಿಮ್ಮಪ್ಪ ಕೇಳಿದೆ ಅಂತ ಹೇಳು ಅಂದರು. ತಾತ ಅಂಕಣಕ್ಕೆ ಇಳಿಯುವಾಗ ಬಲಗಾಲನ್ನೇ ಮೊದಲು ಇಡಬೇಕಂತೆ. ಶಿವ ನಿನ್ನ ಬೆನ್ನಿಗಿರಲಿ, ತಲೆ ಎತ್ತಿಕೊಂಡು ಆಡು.

ನಿನ್ನ ಕೋಪಕ್ಕೆ ಕಾರಣಳಾದ ನಿನ್ನ ಅಮ್ಮ,
ಗಿರಿಜಾಂಬ

ಮ.ವಿ.: ಪೋಸ್ಟಾಫೀಸು ಮುಚ್ಚುವ ಹೊತ್ತಾಯಿತು, ಮುಖ್ಯವಾದದ್ದನ್ನೇ ಬಿಟ್ಟಿದ್ದೆ. ಸಮಿತಿಯವರ ಫಾರಂ ಇದೇ ಲಕೋಟೆಯಲ್ಲಿದೆ. ನಾನು ಸಹಿ ಹಾಕಿಲ್ಲ. ಪೋಷಕರ ಸಹಿ ಅನ್ನುವ ಜಾಗದಲ್ಲಿ ನಾಲ್ಕು ಸಾಲು ಬರೆದಿದ್ದೇನೆ, ಕನ್ನಡದಲ್ಲೇ ಬರೆದಿದ್ದೇನೆ, ಯಾರ ಕೈಲಾದರೂ ಓದಿಸಿಕೊಳ್ಳಲಿ. ಮೂರು ಟೂರ್ನಿ ಹೋದರೂ ಸರಿ ಅನ್ನಿಸಿದರೆ ನೀನೇ ಅಂಚೆಗೆ ಹಾಕು, ಬೇಡ ಅನ್ನಿಸಿದರೆ ಹರಿದುಹಾಕಿ ನನಗೆ ಫೋನ್ ಮಾಡು, ಬೇಸರವಿಲ್ಲ. ಬರೆದದ್ದು ಇಷ್ಟು: "ನನ್ನ ಮಗಳು ರ‍್ಯಾಕೆಟ್ ಮುರಿದದ್ದು ತಪ್ಪು, ಒಪ್ಪುತ್ತೇನೆ. ಹೆಣ್ಣುಮಗಳಿಗೆ ಅನ್ನುವ ಪದ ಹೊಡೆದುಹಾಕಿ ಆಟಗಾರರಿಗೆ ಅಂತ ಬರೆಯಿರಿ. ಹಿಂದಿನ ದಿನ ರ‍್ಯಾಕೆಟ್ ಮುರಿದ ಹುಡುಗನ ತಾಯಿಗೂ ಇದೇ ಫಾರಂ ಕಳಿಸಿ. ಆಯಮ್ಮ ಸಹಿ ಹಾಕಿದ ದಿನ ನಾನೂ ಹಾಕುತ್ತೇನೆ."