ನಾನು ಮುಟ್ಟದ ಕೋಲು

ಒನೊಂಡಾಗ
ಮೇ ತಿಂಗಳ ಕೊನೆಯ ಭಾನುವಾರ

ಹಾರ್ಲನ್,

ನೀನು ಮನೆ ಬಿಟ್ಟಮೇಲೆ ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು, ಕೈ ತಡೆಯುತ್ತಿದೆ. ಫೋನಿನಲ್ಲಿ ಹೇಳೋಣವೆಂದರೆ ಮೂರನೇ ಮಾತಿಗೆ ಜಗಳಕ್ಕೆ ಬೀಳುತ್ತೇವೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕಲಾರೆ, ಅದೊಂದು ಅನುಕೂಲ. ನ್ಯೂಯಾರ್ಕಿನಲ್ಲಿ ಕಟ್ಟಡ ಕಟ್ಟುತ್ತಾ ಉಕ್ಕಿನ ತೊಲೆಗಳ ಮೇಲೆ ನಡೆದಾಡುವವನು ನೀನು, ಇದನ್ನು ಮಾತ್ರ ಕೆಳಗಿಳಿದು, ಕೂತು ಓದು.

ನಮ್ಮ ವೆಸ್ಲಿ ಇನ್ನು ಬಲೆಕೋಲು ಹಿಡಿದು ಲ್ಯಾಕ್ರೋಸ್ ಆಡುವುದಿಲ್ಲ. ಹೈಸ್ಕೂಲಿನ ತಂಡದಲ್ಲೂ ಇಲ್ಲ, ಕಾಲೇಜಿನಲ್ಲೂ ಇಲ್ಲ. ತಲೆಗೆ ಇನ್ನೊಂದು ಪೆಟ್ಟು ಬಿದ್ದರೆ ಹುಡುಗ ಇದ್ದ ಹಾಗೆ ಉಳಿಯುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು. ಅವನನ್ನು ಬಾ ಎಂದು ಕರೆದಿದ್ದ ಕಾಲೇಜಿನ ಕೋಚ್ ಫೋನ್ ಮಾಡಿ ತುಂಬ ಮರ್ಯಾದೆಯಿಂದ ಮಾತಾಡಿದರು. ಮರ್ಯಾದೆ ಅಷ್ಟು ಹೆಚ್ಚಾದಾಗಲೇ ನನಗೆ ತಿಳಿಯಿತು, ಇನ್ನು ಅವರ ಫೋನ್ ಬರುವುದಿಲ್ಲವೆಂದು.

ಏಪ್ರಿಲ್‌ನಲ್ಲಿ ಬಿದ್ದ ಪೆಟ್ಟು ಎಲ್ಲರ ಕಣ್ಣೆದುರಿನದು. ಆದರೆ ಚಳಿಗಾಲದಲ್ಲಿ ಅವನು ನಿನ್ನ ಹತ್ತಿರ ಬಂದಿದ್ದಾಗ ಒಳಾಂಗಣದ ಆಟದಲ್ಲಿ ಬಿದ್ದ ಮೊದಲ ಪೆಟ್ಟನ್ನು ಡಾಕ್ಟರ ಕಿವಿಗೆ ಹಾಕಿದವರು ಯಾರು ಎಂದು ನನ್ನ ಅಣ್ಣ ಕ್ಲೇಟನ್‌ನ ಮೇಲೆ ಕೂಗಾಡಿದೆಯಂತೆ. "ಕಾಲೇಜಿನೋರಿಗೆ ಗೊತ್ತಾದ್ರೆ ಮುಗೀತು, ನಿಮ್ಮಮ್ಮಂಗೂ ಹೇಳ್ಬೇಡ" ಎಂದು ಮಗನ ಬಾಯಿಗೆ ಬೀಗ ಹಾಕಿದವನು ನೀನು. ಈಗ ಬೀಗ ತೆಗೆದವರನ್ನು ಊರೆಲ್ಲ ಹುಡುಕುತ್ತೀಯ. ಕ್ಲೇಟನ್‌ನನ್ನು ಬಿಡು, ಅವನು ಯಾರಿಗೂ ಏನೂ ಹೇಳಿಲ್ಲ. ಯಾರು ಹೇಳಿದರೇನು, ಆಗಬೇಕಾದದ್ದು ಆಯಿತು.

ಕ್ಲೇಟನ್ ಮಾಡಿದ್ದು ಒಂದೇ. ನಮ್ಮ ಬುಡಕಟ್ಟಿನವರು ಸೇರುವ ಉದ್ದಮನೆಗೆ ಹೋಗಿ, ವೆಸ್ಲಿ ಗುಣವಾಗಲೆಂದು ಮದ್ದಿನ ಲ್ಯಾಕ್ರೋಸ್ ಆಟ ಆಡಬೇಕೆಂದು ಹಿರಿಯರನ್ನು ಕೇಳಿಕೊಂಡ. ಸೋದರಮಾವ ಕೇಳದೆ ಇನ್ನಾರು ಕೇಳಬೇಕು? ನಿನ್ನೆ ಬೆಳಿಗ್ಗೆ ಮಂಡಿನೋವಿನ ಮುದುಕರಿಂದ ಹಿಡಿದು ಮೂಗು ಸುರಿಸುವ ಹುಡುಗರವರೆಗೆ ಎಲ್ಲರೂ ಕೋಲು ಹಿಡಿದು ಬಂದರು. ಗೋಲು ಹೊಡೆದವರು ಯಾರೂ ಹೇಳಿಕೊಳ್ಳಲಿಲ್ಲ, ಆ ಆಟದಲ್ಲಿ ಹೇಳಿಕೊಳ್ಳುವಂತಿಲ್ಲ. ಅವರೆಲ್ಲರಿಗಿಂತ ಜೋರಾಗಿ ಓಡಬಲ್ಲವನು ಕಂಬಳಿ ಹೊದ್ದು ನೋಡುತ್ತಾ ನಿಂತಿದ್ದ. ಒಬ್ಬ ಮುದುಕರು ಕುಂಟುತ್ತಾ ಹತ್ತಿರ ಬಂದು, "ಏನೋ, ನನ್ನ ಓಟ ನೋಡಿ ನಗ್ತಿದ್ದೀಯೇನೋ? ನಿಂಗೋಸ್ಕರಾನೇ ಕಣೋ ಈ ಮಂಡಿ ಮುರ್ಕೊಳ್ತಿರೋದು" ಎಂದು ರೇಗಿಸಿದರು. ವೆಸ್ಲಿ ಆಗ ನಿಜವಾಗಿಯೂ ನಕ್ಕ. ಆಟ ಮುಗಿದಮೇಲೆ ಜಿಂಕೆ ಚರ್ಮದ ಚೆಂಡನ್ನು ಅವನ ಕೈಗಿಟ್ಟರು. ಯಾರಿಗಾಗಿ ಆಡಿದರೋ ಚೆಂಡು ಅವರದೇ ತಾನೇ.

ಆದರೆ ಮನೆಗೆ ಬಂದವನು ನೀನು ಮಾಡಿಕೊಟ್ಟ ಹಿಕರಿ ಮರದ ಕೋಲನ್ನು ಗೋಡೆಯಿಂದ ಇಳಿಸಿ, ಅಂಗಳದ ಹುಲ್ಲಿಗೆ ಎಸೆದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಮಧ್ಯಾಹ್ನ ಮಳೆ ಬಂತು. ನೆನೆದರೆ ತೊಗಲಿನ ಬಲೆ ಸಡಿಲವಾಗುತ್ತದೆ, ಕೋಲು ಸೊಟ್ಟಗಾಗುತ್ತದೆ. ನಾನು ಅದನ್ನು ಇವತ್ತಿನವರೆಗೆ ಮುಟ್ಟಿದವಳಲ್ಲ. ಗೋಡೆಯ ಧೂಳು ಹೊಡೆಯುವಾಗಲೂ ಅದನ್ನು ಬಿಟ್ಟು ಸುತ್ತ ಹೊಡೆದಿದ್ದೇನೆ. ಹೆಂಗಸು ಮುಟ್ಟಿದರೆ ಮರದ ಕೋಲಿನ ಕಸುವು ಹೋಗುತ್ತದೆ ಎಂದು ಅಮ್ಮ ಹೇಳಿಕೊಟ್ಟದ್ದು. ಇನ್ನು ಆಟವೇ ಇಲ್ಲದ ಕೋಲಿಗೆ ಎಂಥ ಕಸುವು ಎಂದು ಒಂದು ಗಳಿಗೆ ಅನ್ನಿಸಿತು. ಆದರೂ ಕೈ ಮುಂದೆ ಹೋಗಲಿಲ್ಲ. ಕೊಡೆ ಬಿಚ್ಚಿ ಅದರ ಮೇಲೆ ಹಿಡಿದು ನಿಂತೆ.

ಪಕ್ಕದ ಮನೆಯಾಕೆ ಬಾಗಿಲಿಗೆ ಬಂದು, "ಲೊರೇನ್, ಹುಲ್ಲಿಗೆ ಕೊಡೆ ಹಿಡೀತಿದ್ದೀಯಲ್ಲೇ, ಏನಾಗಿದೆಯೇ ನಿಂಗೆ?" ಎಂದಳು. ಕೋಲು ಕಣ್ಣಿಗೆ ಬಿದ್ದಮೇಲೆ ಒಳಗೆ ಹೋದಳು. ಕ್ಲೇಟನ್ ಬಂದು ಅದನ್ನು ಎತ್ತಿ ಮತ್ತೆ ಗೋಡೆಗೆ ತೂಗುಹಾಕುವ ತನಕ ನಾನು ಹಾಗೇ ನಿಂತಿದ್ದೆ. ಹತ್ತೆಂಟು ಕೋಟು ಇರಲು ನಾನೇನು ರಾಣಿಯೇ, ಇದ್ದದ್ದು ಹಳೆಯದು ಒಂದೇ, ಅದು ತೊಪ್ಪೆಯಾಯಿತು. ವೆಸ್ಲಿ ಕಿಟಕಿಯಿಂದ ನೋಡುತ್ತಿದ್ದನೆಂದು ಆಮೇಲೆ ಗೊತ್ತಾಯಿತು.

ನೀನು ಒಮ್ಮೆ ಬರಬೇಕು, ಹಾರ್ಲನ್. ಅವನಿಗೆ ನಿನ್ನ ಮೇಲೆ ಕೋಪವಿಲ್ಲ. "ಅಪ್ಪ ಎಷ್ಟು ಆಸೆ ಇಟ್ಕೊಂಡಿದ್ರು, ಎಲ್ಲಾ ಹಾಳ್ಮಾಡ್ಬಿಟ್ಟೆ" ಎಂದು ಅಳುತ್ತಾನೆ. ಆ ಮಾತು ಸುಳ್ಳೆಂದು ನೀನೇ ಅವನ ಮುಖ ನೋಡಿ ಹೇಳಬೇಕು, ನಾನು ಹೇಳಿದರೆ ನಾಟುವುದಿಲ್ಲ. ಮುಸುಕಿನ ಜೋಳದ ಸೂಪು ಮಾಡಿಡುತ್ತೇನೆ. ಜಗಳ ಊಟವಾದಮೇಲೆ ಆಡೋಣ.

ನಿನ್ನ ಮಗನ ತಾಯಿ,
ಲೊರೇನ್

ತಾ.ಕ.: ಇದು ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲದ್ದು. ಡಾಕ್ಟರಿಗೆ ಹೇಳಿದವಳು ನಾನು. ಏಪ್ರಿಲ್ ಪೆಟ್ಟಿನ ಮರುದಿನ ವೆಸ್ಲಿ ಅಡಿಗೆಮನೆಗೆ ಬಂದು, "ಅಜ್ಜಿ ಇನ್ನೂ ಎದ್ದಿಲ್ವಾ?" ಎಂದು ಕೇಳಿದ. ಅಮ್ಮನನ್ನು ಎಲೆ ಉದುರುವ ಕಾಲದಲ್ಲಿ ಮಣ್ಣು ಮಾಡಿದಾಗ ಹೆಗಲು ಕೊಟ್ಟವರಲ್ಲಿ ಇವನೂ ಒಬ್ಬ. ಅಜ್ಜಿ ಇಲ್ಲ ಮಗನೇ ಎಂದರೆ ಆಗಷ್ಟೇ ಸುದ್ದಿ ಕೇಳಿದವನಂತೆ ಅತ್ತ. ಅತ್ತು, "ಅಪ್ಪನ ಹತ್ರ ಹೋಗಿದ್ದಾಗ ಆಟದಲ್ಲಿ ಪೆಟ್ಟು ಬಿದ್ದಾಗ್ಲೂ ಹಿಂಗೇ ಮರ್ತೋಗಿತ್ತಮ್ಮ" ಎಂದ. ಇನ್ನೊಂದು ಸಲ ಅವನಿಗೆ ಆ ಸಾವು ಹೇಳುವ ಶಕ್ತಿ ನನಗಿರಲಿಲ್ಲ. ಅವನಿಗೆ ನಾನು ಮಾಡಿದ್ದು ಗೊತ್ತಿಲ್ಲವೆಂದುಕೊಂಡಿದ್ದೆ. ಇವತ್ತು ಬೆಳಿಗ್ಗೆ ನನ್ನ ಕೋಟಿನ ಜೇಬಿನಲ್ಲಿ ಆ ಚೆಂಡು ಸಿಕ್ಕಿತು. ಇದು ನಿನ್ನದು ಕಣೋ ಎಂದೆ. "ಇಟ್ಕೋ ಅಮ್ಮ. ಡಾಕ್ಟರ್ ರೂಮಿನ ಬಾಗ್ಲು ಅವತ್ತು ತೆಗ್ದೇ ಇತ್ತು. ಅವತ್ತಿಂದ ನಿದ್ದೆ ಮಾಡ್ದೇ ಇರೋಳು ನೀನು" ಎಂದ.