ಪಟೇಲರು ಮೆಚ್ಚಿದ ಪದ್ಯ

ಸಣ್ಣಕ್ಕಾ,

ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ನಿನ್ನೆ ಮಂಡ್ಯದ ಕತೆ-ಕವನ ಸ್ಪರ್ಧೆಯಲ್ಲಿ ತೀರ್ಪುಗಾರ ಪಟೇಲರು ನಿನ್ನ ಕತೆಯನ್ನು ಮೊದಲ ಪುಟಕ್ಕೇ ಮುಚ್ಚಿಟ್ಟರು. "ಹೆಂಗಸ್ರು ನಾಲೆ ನೀರಿಗೆ ಕಿತ್ತಾಡೋದೂ ಒಂದು ಕತೆಯೇನ್ಲಾ?" ಅಂದರು. ಅವರ ಪದ್ಯಗಳನ್ನೇ ಅಣಕಿಸಿ, ಸಾಲಿಗೆರಡು ಚಂದ್ರನನ್ನು ತುರುಕಿ ನಾನು ಬರೆದದ್ದಕ್ಕೆ ಮೊದಲ ಬಹುಮಾನ! ಥೂ, ಹೇಸಿಗೆ.

ಅವರು ಹೊದಿಸಿದ ಶಾಲು ಗೂಟದಲ್ಲಿದೆ, ಕರುವಿಗೆ ಹಾಸು. ಒಲೆಗೆ ಹಾಕಲು ನಿನ್ನ ಕತೆ ಹುಡುಕಬೇಡ, ನನ್ನ ಚೀಲದಲ್ಲಿದೆ. ಮೈಸೂರಿನ ಪತ್ರಿಕೆಯವರ ಕೈಗೇ ಕೊಟ್ಟು ಬರುತ್ತೇನೆ. ನನಗೆ ಮುದ್ದೆ ಇಡಬೇಡ.

ಬಹುಮಾನದ ಪದ್ಯ ಓದು ಅಂದರಲ್ಲ, ಪಟೇಲರ ದನಿಯಲ್ಲೇ ಮೂಗೆಳೆದು, ಮೀಸೆ ತಿರುವಿ ಓದಿದೆ. ಸಭೆಯೆಲ್ಲ ಗೊಳ್ಳೆಂದಿತು. "ಯಾರ್ನ ಅಣಕಿಸ್ತಿದ್ದೀಯ್ಲಾ? ಯಾವನ್ಲಾ ಅವನು, ಇಂಗೆ ಓದೋನು?" ಎಂದು ಹೊಟ್ಟೆ ಹಿಡಿದುಕೊಂಡು ಎಲ್ಲರಿಗಿಂತ ಜೋರಾಗಿ ನಕ್ಕವರು ಪಟೇಲರೇ.

ಚಲುವರಾಜು