ಎಂಟೂ ಸೊನ್ನೆ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನನ್ನ ಹುಬ್ಬಿನ ಮೇಲಿನ ಗಾಯ, ಹಿಂದಿನ ಪತ್ರದಲ್ಲಿ ಬರೆದ ಹಾಗೆ, ಏಣಿಯಿಂದ ಬಿದ್ದು ಆದದ್ದಲ್ಲ. ಭಾವ ಟ್ರಾನ್ಸ್‌ಫಾರ್ಮರ್ ಎತ್ತಿ ಎಸೆದದ್ದು. ಚಿಕ್ಕದೇ, ಮುಷ್ಟಿಯಷ್ಟು, ಆದರೆ ಒಳಗೆಲ್ಲ ಕಬ್ಬಿಣ. ಇದನ್ನು ಇಷ್ಟು ದಿನ ಮುಚ್ಚಿಟ್ಟಿದ್ದೆ. ಎಲ್ಲರ ಮುಖಕ್ಕೆ ಹೊಡೆದ ಹಾಗೆ ಮಾತಾಡಿ ಸ್ಕೂಲಿನಿಂದಲೇ ಹೊರಬಿದ್ದವನು ನಿನ್ನ ಹತ್ತಿರ ಮಾತ್ರ ಸುಳ್ಳು ಹೇಳಿದೆ.

ಆಮೇಲೆ ಬಂದ ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದರಿದ ಹಾಗಿದ್ದರೆ ನಗು, ಪರವಾಗಿಲ್ಲ. ಬಲಗೈಯ ಕಥೆ ಮುಂದೆ ಬರುತ್ತದೆ. ಅಮ್ಮನ ಸೊಂಟ ಹೇಗಿದೆ? ಎದ್ದು ಓಡಾಡುತ್ತಾಳಾ? ನಿನ್ನ ಮಗಳು ಅಜ್ಜಿಯ ಕನ್ನಡಕ ಮುರಿದಳಂತೆ. ಥೇಟ್ ಮಾವನ ಕೈಗುಣ.

ನೀನು ಅಮ್ಮನ ಆರೈಕೆಗೆ ಹೋದ ಮೇಲೆ ಭಾವನ ವರ್ಕ್‌ಶಾಪಿನಲ್ಲಿ ಕೆಲಸ ಬದಲಾಯಿತು. ಕರೆಂಟನ್ನು ಕೂಡಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರ್‌ಗಳ ಬೀರುಗಳಲ್ಲಿ ಎಂಟು ಕಡೆ ಸಾವಿರಾರು ವೋಲ್ಟ್ ನಿಂತಿರುತ್ತದೆ. ಕರೆಂಟು ತೆಗೆದ ಮೇಲೂ ಅದು ಹೋಗುವುದಿಲ್ಲ, ಹೊಂಚು ಹಾಕಿ ಕೂತಿರುತ್ತದೆ. ಎಲ್ಲಿ ಎಷ್ಟು ಉಳಿದಿದೆ ಎಂದು ತೋರಿಸುವ ಬೋರ್ಡು ನಮ್ಮದು. ಹಳೆಯದರಲ್ಲಿ ಎಂಟಕ್ಕೂ ವೋಲ್ಟೇಜು ಇಳಿಸುವ ಬೇರೆಬೇರೆ ರೆಸಿಸ್ಟರ್ ಸಾಲು, ಅಳೆಯುವ ಬೇರೆಬೇರೆ ಚಿಪ್. ಬೋರ್ಡು ಊಟದ ತಟ್ಟೆಗಿಂತ ದೊಡ್ಡದು, ಬೆಲೆಯೂ ಹಾಗೇ. ಗಾತ್ರವನ್ನೂ ಖರ್ಚನ್ನೂ ಇಳಿಸು ಅಂದರು ಭಾವ. ಇಳಿಸಿದೆ. ಎಂಟು ಸಾಲೂ ಇರಲಿ, ಅಳೆಯುವ ಚಿಪ್ ಒಂದೇ ಸಾಕು. ನಡುವೆ ಒಂದು ಸರದಿ ಸ್ವಿಚ್ಚು. ನಲ್ಲಿಯ ಮುಂದೆ ಬಿಂದಿಗೆ ಇಟ್ಟ ಹಾಗೆ ಒಂದಾದ ಮೇಲೊಂದು ಬಂದು ಅಳತೆ ಕೊಟ್ಟು ಹೋಗಲಿ. ಬೋರ್ಡು ಅಂಗೈಯಲ್ಲಿ ಕೂತಿತು. ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಆದರೆ ಆ ಸ್ವಿಚ್ಚು ಎಲ್ಲಾದರೂ ಸಿಕ್ಕಿಕೊಂಡರೆ ಒಂದೇ ಅಳತೆಯನ್ನು ಎಂಟು ಸಲ ತೋರಿಸುತ್ತದೆ. ಅದಕ್ಕೆ ನಾನು ಒಂಬತ್ತನೆಯ ಸರದಿಯನ್ನೂ ಇಟ್ಟಿದ್ದೆ: ನಮಗೆ ಮೊದಲೇ ಗೊತ್ತಿರುವ ಒಂದು ವೋಲ್ಟೇಜು. ಪ್ರತಿ ಸುತ್ತಿನಲ್ಲೂ ಅದು ಸರಿಯಾಗಿ ಕಾಣಬೇಕು, ಇಲ್ಲದಿದ್ದರೆ ಪರದೆಯೇ ಆರಿಹೋಗಬೇಕು. ಸ್ವಿಚ್ಚಿಗೆ ಇರುವುದು ಎಂಟೇ ಬಾಗಿಲು. ಒಂಬತ್ತಕ್ಕೆ ಇನ್ನೊಂದು ಸ್ವಿಚ್ಚು ಬೇಕು, ಡಬ್ಬಿ ಬೆರಳಗಲ ಬೆಳೆಯುತ್ತದೆ.

"ಒಂಬತ್ತನೇದು ಯಾರಪ್ಪಂಗೆ ಬೇಕು?" ಅಂದರು ಭಾವ.

ನನಗೆ ಬೇಕು ಅಂದೆ. ಆಗ ಟ್ರಾನ್ಸ್‌ಫಾರ್ಮರ್ ಹಾರಿ ಬಂತು.

ರಕ್ತ ಕಣ್ಣಿಗಿಳಿಯಿತು. ಸೋಡಾ ಅಜ್ಜ ತನ್ನ ಬನಿಯನ್ ಹರಿದು ಕಟ್ಟಿದ. ನೆನಪಿದೆಯಲ್ಲ, ಸೋಡಾ ಬಾಟಲಿ ತಳದಂಥ ಕನ್ನಡಕದ ಮುದುಕ. ಬೀರುವಿನೊಳಗೆ ಕೈ ಹಾಕುವ ಮೊದಲು ನೆಲಕ್ಕೆ ತಂತಿ ಕಟ್ಟಿದ ಕೋಲನ್ನು ಅವನು ಎಂಟೂ ಕಡೆ ಮುಟ್ಟಿಸುತ್ತಿದ್ದ. ಉಳಿದದ್ದು ಟಪ್ಪೆಂದು ಇಳಿದ ಮೇಲೇ ಕೈ. ಒಂಬತ್ತನೆಯದನ್ನು ತೆಗೆಸಿ ಹೊಸ ಬೋರ್ಡು ಕೂರಿಸಿದ ದಿನ ಭಾವ, "ಸೊನ್ನೆ ತೋರಿಸುತ್ತಲ್ಲ, ಇನ್ಯಾಕಜ್ಜ ಊರುಗೋಲು?" ಎಂದು ಆ ಕೋಲನ್ನು ಮೊಣಕಾಲಿಗೆ ಕೊಟ್ಟು ಮುರಿದರು. ಎಲ್ಲರೂ ನಕ್ಕರು. ಅಜ್ಜನೂ ನಕ್ಕ.

ಹೋದ ಮಂಗಳವಾರ ಪರದೆಯಲ್ಲಿ ಎಂಟೂ ಸೊನ್ನೆ. ಅಜ್ಜ ಆರನೆಯದಕ್ಕೆ ಕೈ ಹಾಕಿದ. ಗುಂಡು ಹೊಡೆದಂಥ ಸದ್ದು, ಬಿಳಿ ಬೆಂಕಿ. ಅಜ್ಜ ಗೋಡೆಗೆ ಬಡಿದು ಬಿದ್ದ. ಬಲಗೈಯ ಹೆಬ್ಬೆರಳೂ ಪಕ್ಕದ ಎರಡೂ ಕರಕಲು. ಆ ವಾಸನೆ ನನ್ನ ಅಂಗಿಯಿಂದ ಇನ್ನೂ ಹೋಗಿಲ್ಲ. ಬಿಚ್ಚಿ ನೋಡಿದೆ: ಸ್ವಿಚ್ಚು ಒಂದನೆಯದರಲ್ಲೇ ಸಿಕ್ಕಿಕೊಂಡು, ಅದರ ಸೊನ್ನೆಯನ್ನೇ ಎಂಟು ಸಲ ಹೇಳಿತ್ತು. ಆಸ್ಪತ್ರೆಯಲ್ಲಿ ಭಾವ ಡಾಕ್ಟರಿಗೆ, ಕೋಲು ಮುಟ್ಟಿಸದೆ ಕೈ ಹಾಕಬೇಡ ಎಂದು ಎಷ್ಟು ಬಡಿದುಕೊಂಡರೂ ಮುದುಕ ಕೇಳುವುದಿಲ್ಲ ಅಂದರು.

ನಾನು ವರ್ಕ್‌ಶಾಪಿಗೆ ಬಂದು, ಪ್ಯಾಕ್ ಆಗಿದ್ದ ಬೋರ್ಡುಗಳನ್ನೆಲ್ಲ ನೆಲಕ್ಕೆ ಸುರಿದು ಸುತ್ತಿಗೆಯಲ್ಲಿ ಜಜ್ಜಿದೆ. ಭಾವ ಬಂದರು. ಮೊದಲ ಏಟಿಗೆ ನಾನೂ ತಿರುಗಿಸಿ ಕೊಟ್ಟೆ, ಅವರ ತುಟಿ ಒಡೆಯಿತು. ಆಮೇಲೆ ನನ್ನ ಬಲಗೈಯನ್ನು ಬೆಂಚಿನ ವೈಸಿನ ಕಬ್ಬಿಣದ ದವಡೆಗೆ ಸಿಕ್ಕಿಸಿ ಹಿಡಿ ತಿರುಗಿಸಿದರು.

"ಎಂಟೇ ಸಾಕು ಅನ್ನು."

ಒಂಬತ್ತು ಅಂದೆ. ಇನ್ನೊಂದು ಸುತ್ತು. ಒಂಬತ್ತು ಅಂದೆ. ಮೂಳೆ ಮುರಿದ ಸದ್ದು ಅವರಿಗೂ ಕೇಳಿಸಿರಬೇಕು, ಬಿಟ್ಟರು.

ಅಜ್ಜ ಬದುಕಿದ್ದಾನೆ. ಆಸ್ಪತ್ರೆಯಲ್ಲಿ ಅಕ್ಕಪಕ್ಕ ಕೂತು ಇಬ್ಬರೂ ಎಡಗೈಯಲ್ಲಿ ಗಂಜಿ ಚೆಲ್ಲಿಕೊಂಡೆವು. "ಇಬ್ರೂ ಸೇರಿದ್ರೆ ಒಬ್ಬ ಪೂರ್ತಿ ಕೆಲ್ಸಗಾರ ಕಣೋ" ಅಂದ.

ಮೊದಲೇ ಮಾರಿದ ಬೋರ್ಡುಗಳು ಬಂದರಿನ ಹತ್ತಿರದ ಕಾರ್ಖಾನೆಯ ಬೀರುಗಳಲ್ಲಿ ಕೂತಿವೆ. ಅಲ್ಲೂ ಯಾರೋ ಸೊನ್ನೆ ನೋಡಿ ಕೈ ಹಾಕುತ್ತಾರೆ. ಫೋನು ಮಾಡಿದರೆ, ನಿಮ್ಮ ಯಜಮಾನರಿಗೆ ಕೊಡು ಅನ್ನುತ್ತಾರೆ. ಸುಟ್ಟ ಬೋರ್ಡನ್ನು ಟವೆಲ್ಲಿನಲ್ಲಿ ಸುತ್ತಿಟ್ಟಿದ್ದೇನೆ. ಅವರ ಮೇಜಿನ ಮೇಲೆ ಇಟ್ಟು ಹೇಳುತ್ತೇನೆ. ಕಟ್ಟಿದವನು ನಾನೇ ಎಂಬುದನ್ನೂ.

ಅಮ್ಮನಿಗೆ ನಮಸ್ಕಾರ. ಕೈಯ ವಿಷಯ ಹೇಳಬೇಡ. ನಿನ್ನ ಮಗಳು ನೂರು ಕನ್ನಡಕ ಮುರಿಯುವಷ್ಟು ಕಾಲ ಸುಖವಾಗಿರಲಿ.

ನಿನ್ನ ತಮ್ಮ,
ಮೊಂಡ

ಇಷ್ಟಕ್ಕೇ ಮುಗಿಸಬೇಕೆಂದಿದ್ದೆ, ಆಗಲಿಲ್ಲ. ವೈಸ್ ತಿರುಗಿಸುವಾಗ ಭಾವ ಇನ್ನೊಂದು ಮಾತು ಅಂದರು: "ನಿಮ್ಮಕ್ಕ ಒಂದೇ ಸುತ್ತಲ್ಲಿ ಬಾಯಿ ಮುಚ್ಕೊಂಡ್ಳು." ಹೋದ ವರ್ಷ ನಿನ್ನ ಕೈಗೆ ಪ್ಲಾಸ್ಟರ್ ಹಾಕಿದ್ದರಲ್ಲ, ಏನಾಯಿತು ಎಂದು ಕೇಳಿದ್ದೆ. ಏನಿಲ್ಲ ಕಣೋ, ಬಾಗಿಲಿಗೆ ಸಿಕ್ತು ಅಂದಿದ್ದೆ ನೀನು. ನಾನು ನಂಬಿದೆ, ಅಕ್ಕ. ನೀನು ಒಂದೇ ಕೈಯಲ್ಲಿ ಬಡಿಸಿದ ಊಟ ಮಾಡಿ, ಭಾವನ ಪಕ್ಕ ಕೂತು ನಗುತ್ತಾ ಟೀವಿ ನೋಡಿದೆ. ಶುಕ್ರವಾರ ವಾಪಸು ಬರುತ್ತೇನೆ ಎಂದು ಬರೆದಿದ್ದೀಯ. ಬರಬೇಡ. ನಿನ್ನ ಮತ್ತು ಮಗುವಿನ ಬಟ್ಟೆಗಳನ್ನು ಚೀಲಕ್ಕೆ ತುಂಬಿ ಪಾರ್ಸೆಲ್ ಹಾಕಿದ್ದೇನೆ. ನಾನು ನಾಳೆ ಬೆಳಿಗ್ಗೆ ಆ ಕಾರ್ಖಾನೆಗೆ ಹೊರಡುತ್ತೇನೆ.